ಘಟಪ್ರಭಾದಿಂದ ಫಾಲ್ಸ್‌ಗೆ, ಫೋನಿನ ಜೊತೆ ಒಬ್ಬರೇ

ಮಿರಜ್–ಲೋಂಡಾ ಮಾರ್ಗದ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಗೋಕಾಕ ಫಾಲ್ಸ್‌ಗೆ ಹೊರಟರೆ ಮೊದಲ ಪಾಠ ಟಂಟಂನಲ್ಲೇ. "ಯಾವಾಗ ಬಿಡ್ತೀರಿ?" ಅಂದ್ರೆ "ಗಾಡಿ ತುಂಬಿದ ಮ್ಯಾಲ್ರಿ" ಅನ್ನೋ ಉತ್ತರ.

ನಮಗಿದು ಮಾಮೂಲು. ಆಟಿಸಂ ಇರುವ ಎಷ್ಟೋ ಯುವಕ-ಯುವತಿಯರಿಗೆ ಮುಂದೇನು ಅಂತ ಗೊತ್ತಿಲ್ಲದೆ ಕಾಯೋದೇ ಕಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವೈಕಲ್ಯಗಳಲ್ಲಿ ಒಂದಾಗಿ ಸೇರಿಸಿದೆ. ಆದ್ರೆ ಒಬ್ಬರೇ ಊರಿಂದೂರಿಗೆ ಹೋಗಿಬರೋದನ್ನು ಯಾರಾದ್ರೂ ಕಲಿಸಬೇಕಲ್ಲ!

ಅಲ್ಲಿ ಫೋನು ನೆರವಾಗುತ್ತೆ. ಕೋಚಿಂಗ್ ಆಪ್‌ಗಳು ದೊಡ್ಡ ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಫೋಟೊ, ವಿಡಿಯೊ, ರಿಮೈಂಡರ್ ಮೂಲಕ ಹೇಳಿಕೊಡ್ತವೆ. ಮಾತು ಕಷ್ಟವಾದವರಿಗೆ ಚೆನ್ನೈನ ಆವಾಜ್, ಐಐಟಿ ಬಾಂಬೆಯ ಜೆಲ್ಲೋ ಇವೆ. ಚಿತ್ರ ಒತ್ತಿದ್ರೆ ಆಪ್ ಮಾತಾಡುತ್ತೆ.

ಈ ದಾರಿಗೆ ಮಾತ್ರ ಇಲ್ಲಿಯದೇ ಹೆಜ್ಜೆ ಬೇಕು. "9.30ಕ್ಕೆ ಹತ್ತು" ಅನ್ನೋ ಅಲಾರಂ ಇಲ್ಲಿ ಸುಳ್ಳಾಗುತ್ತೆ. "ಸೀಟು ತುಂಬೋ ತನಕ ಕೂಡು, ಅರ್ಧ ತಾಸಾದ್ರ ಅವ್ವಗ ಫೋನ್ ಮಾಡು" ಅಂತಿರಬೇಕು, ಅದೂ ಅವ್ವನ ದನಿಯಲ್ಲೇ. ಮಳೆಗಾಲದಲ್ಲಿ ನದಿ 52 ಮೀಟರ್ ಧುಮುಕುವ ಅಬ್ಬರ ಕೆಲವರಿಗೆ ತಡೆಯೋಕಾಗಲ್ಲ. ಅದರ ವಿಡಿಯೊವನ್ನು ಮನೆಯಲ್ಲೇ ಸಣ್ಣ ದನಿಯಲ್ಲಿ ತೋರಿಸಿ. ಟಂಟಂ ಇಳಿದ ಕೂಡಲೇ "ಹೆಡ್‌ಫೋನ್ ಹಾಕ್ಕೋ" ಅನ್ನೋದು ಒಂದು ಹೆಜ್ಜೆಯಾಗಲಿ. ತೂಗುಸೇತುವೆ ಮುಚ್ಚಿದ್ರೆ ಏನು ಮಾಡಬೇಕು ಅನ್ನೋದಕ್ಕೂ ಒಂದು ಹೆಜ್ಜೆ ಇರಲಿ. ನೆಟ್ ಇಲ್ಲದಾಗಲೂ ತೆರೆಯುವಂತೆ ಎಲ್ಲವನ್ನೂ ಫೋನಿನಲ್ಲೇ ಸೇವ್ ಮಾಡಿ.

ಮೊದಲ ಸಲ ಪಕ್ಕದಲ್ಲಿ ಕೂಡ್ರಿ. ಆಮೇಲೆ ಹಿಂದಿನ ಸೀಟಿನಲ್ಲಿ. ರೂಢಿಯಾದ ಹೆಜ್ಜೆಗಳನ್ನು ಲಿಸ್ಟಿನಿಂದ ಒಂದೊಂದೇ ತೆಗೀತಾ ಬನ್ನಿ. ಒಂದು ದಿನ ನೀವು ಸ್ಟೇಷನ್ನಿನಲ್ಲೇ ಉಳೀರಿ. ಫಾಲ್ಸ್ ನೋಡಿ, ಕರದಂಟು ಹಿಡಕೊಂಡು ಅವರೇ ಬರಲಿ.