ರಾಗಿಕಾಳಿನಷ್ಟು ಕಣ್ಣುಪಾಪೆ

ಹುಣಸೂರಿನ ಹತ್ತಿರದ ನಮ್ಮೂರಿಗೆ ರಜೆಗೆ ಬಂದಿದ್ದ ಅಕ್ಕನ ಮಗ, ಪಿಯುಸಿ ಹುಡುಗ, ಟೀವಿಯಲ್ಲಿ ನಾರ್ಮಂಡಿ ಯುದ್ಧದ ಸಿನಿಮಾ ನೋಡುತ್ತಾ, 'ಮಾವ, ಅವತ್ತು ಹಿಟ್ಲರ್ ದಡದ ಮೇಲೆ ವಿಷಾನಿಲ ಬಿಟ್ಟಿದ್ರೆ ಏನಾಗ್ತಿತ್ತು?' ಎಂದ.

ಹುಡುಗಾಟದ ಪ್ರಶ್ನೆಯಲ್ಲ. 1944ರ ಜೂನ್ 6ರಂದು ಒಮಾಹಾ ದಡಕ್ಕೆ ಸೈನ್ಯ ಇಳಿಸಿದ ಅಮೆರಿಕದ ಜನರಲ್ ಬ್ರಾಡ್ಲಿ, ಅಲ್ಲಿ ಒಂದಿಷ್ಟು ವಿಷ ಚಿಮುಕಿಸಿದ್ದರೂ ತಮ್ಮವರ ಕಾಲು ಕೀಳುವ ಸಂಭವವಿತ್ತೆಂದು ಆಮೇಲೆ ಬರೆದರು. ಇಂಗ್ಲೆಂಡೇನೂ ಸಾಚಾ ಅಲ್ಲ. 1940ರಲ್ಲಿ ಜರ್ಮನರು ತನ್ನ ಕರಾವಳಿಗೆ ಇಳಿದರೆ ಮಸ್ಟರ್ಡ್ ಗ್ಯಾಸ್ ಸುರಿಯಲು ಅದೂ ಸಿದ್ಧವಾಗಿತ್ತು.

ಹಿಟ್ಲರನ ಉಗ್ರಾಣದಲ್ಲಿ ಅದಕ್ಕಿಂತ ಘೋರವಾದ ಟಾಬುನ್ ಸಾವಿರಾರು ಟನ್ ಇತ್ತು. ಶತ್ರುಗಳ ಬಳಿಯೂ ಇದ್ದೀತು, ತಿರುಗಿ ನಮ್ಮ ಊರುಗಳ ಮೇಲೇ ಸುರಿದಾರು ಎಂಬ ಅಳುಕೂ ಅವನ ಕೈ ಕಟ್ಟಿತು. ತಮಾಷೆಯೆಂದರೆ, ಶತ್ರುಗಳ ಬಳಿ ಟಾಬುನ್ ಇರಲೇ ಇಲ್ಲ!

ಈ ಟಾಬುನ್ ಹುಟ್ಟಿದ್ದು ಯುದ್ಧಕ್ಕಲ್ಲ, ಹುಳುವಿಗೆ. 1936ರಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಹೊಸ ಕೀಟನಾಶಕ ಹುಡುಕುತ್ತಿದ್ದಾಗ ಅದು ಸಿಕ್ಕಿತು. ಪ್ರಯೋಗಾಲಯದಲ್ಲಿ ಒಂದು ಹನಿ ಚೆಲ್ಲಿದ್ದಕ್ಕೆ ಅವನ ಮತ್ತು ಸಹಾಯಕನ ಕಣ್ಣುಪಾಪೆ ಕುಗ್ಗಿ, ಉಸಿರಾಟ ಕಷ್ಟವಾಯಿತಂತೆ.

ಇದನ್ನು ಓದಿದ ದಿನ ನನಗೆ ಅಪ್ಪನ ಕಣ್ಣು ನೆನಪಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮುಖಕ್ಕೆ ಟವೆಲು ಕಟ್ಟಿಕೊಂಡು ಹೊಗೆಸೊಪ್ಪಿಗೆ ಔಷಧಿ ಹೊಡೆಯುತ್ತಿದ್ದರು. ಗಾಳಿ ತಿರುಗಿತು. ಸಂಜೆ ಬೆವರು, ಜೊಲ್ಲು, ತೊದಲು ಮಾತು. ನೆರೆಯವರ ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಟಾರ್ಚ್ ಬಿಟ್ಟು ರೆಪ್ಪೆ ಬಿಡಿಸಿದರು. ಪಾಪೆ ರಾಗಿಕಾಳಿನಷ್ಟಾಗಿತ್ತು. ರಾತ್ರಿಯೆಲ್ಲ ಅಟ್ರೋಪಿನ್ ಇಂಜೆಕ್ಷನ್. ಸೈನಿಕರಿಗೆ ನರಾನಿಲ ತಗುಲಿದಾಗ ಕೊಡುವುದೂ ಅದನ್ನೇ.

ನರವು ಸ್ನಾಯುವಿಗೆ ಕೊಟ್ಟ ಅಪ್ಪಣೆಯನ್ನು ಅಳಿಸುವ ಒಂದು ಕಿಣ್ವ ನಮ್ಮ ಮೈಯಲ್ಲಿದೆ. ಟಾಬುನ್ ಆಗಲಿ, ಹೊಲಕ್ಕೆ ಬರುವ ಆರ್ಗನೋಫಾಸ್ಫೇಟ್ ಔಷಧಿಯಾಗಲಿ, ಕಟ್ಟಿಹಾಕುವುದು ಅದನ್ನೇ. ಶಕ್ತಿಯಲ್ಲಿ ಅಜಗಜಾಂತರ, ಮನೆತನ ಒಂದೇ. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನವರಿಗೂ ಕೆ.ಆರ್. ನಗರದ ಭತ್ತದವರಿಗೂ ಇದನ್ನು ಯಾರು ಹೇಳಿದ್ದಾರೆ? ಡಬ್ಬಿಯ ಮೇಲಿನ ಅಕ್ಷರ ಓದಲು ನನಗೇ ಕನ್ನಡಕ ಬೇಕು.

'ಕಡಲಿನಿಂದ ದಡಕ್ಕೆ ಗಾಳಿ ಬೀಸಿದ್ದರೆ ವಿಷ ಬಿಟ್ಟವರ ಮುಖಕ್ಕೇ ಬರ್ತಿತ್ತು ಕಣೋ' ಎಂದೆ. ಹುಡುಗ ಜಗಲಿಯ ಮೇಲಿದ್ದ ತಾತನ ಕಡೆ ನೋಡಿದ.

ಈಗ ಔಷಧಿ ಹೊಡೆಯುವ ದಿನ ಅಪ್ಪ ಹೊಲದ ಕಡೆ ಬರುವುದಿಲ್ಲ. ಪಂಪು ತೊಳೆದ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡಿರೆಂದು ಜಗಲಿಯಿಂದಲೇ ಕೂಗುತ್ತಾರೆ.