ಗೂಡಿನೊಳಗಿನ ಜೀವ

ರೇಷ್ಮೆಹುಳುವು ಬೆಳೆಯುವ ಕಾಲದಲ್ಲಿ ನಾಲ್ಕು ಬಾರಿ ಪೊರೆ ಕಳಚುತ್ತದೆ. ಸಾಕಣೆದಾರರು ಇದಕ್ಕೆ ‘ಜ್ವರ’ ಎನ್ನುವರು. ಮಿದುಳಿನ ಪ್ರೇರಣೆಯಿಂದ ಎದೆಭಾಗದ ಗ್ರಂಥಿಗಳು ಸ್ರವಿಸುವ ಎಕ್ಡೈಸೋನ್ ಎಂಬ ಹಾರ್ಮೋನೇ ಇದರ ಕಾರಣ. ಮಿದುಳಿನ ಹಿಂದಣ ಗ್ರಂಥಿಗಳಿಂದ ಒಸರುವ ಬಾಲ್ಯ ಹಾರ್ಮೋನು ಇರುವವರೆಗೆ ಹುಳು ಹುಳುವಾಗಿಯೇ ದೊಡ್ಡದಾಗುತ್ತದೆ. ಅದು ಇಳಿದಾಗ ಚಂದ್ರಿಕೆಯೇರಿ, ಗೂಡು ಕಟ್ಟಿ, ಕೋಶವಾಗಿ, ಕೊನೆಗೆ ಪತಂಗವಾಗುತ್ತದೆ. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ಜರ್ಮನ್ ವಿಜ್ಞಾನಿಗಳು ಸುಮಾರು 500 ಕಿಲೋ ರೇಷ್ಮೆಕೋಶಗಳಿಂದ ಪಡೆದ ಶುದ್ಧ ಎಕ್ಡೈಸೋನ್ ಕೇವಲ 25 ಮಿಲಿಗ್ರಾಂ! ಅರಿವಿಗೂ ಹಿಂಸೆಯ ಬೆಲೆಯುಂಟು.

ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ನೂಲು ತುಂಡಾಗುವುದೆಂದು, ಅದಕ್ಕೆ ಮೊದಲೇ ಬಿಸಿಗಾಳಿ ಅಥವಾ ಹಬೆಯಿಂದ ಕೋಶವನ್ನು ಕೊಲ್ಲುವರು. “ಅದು ಉಣ್ಣದು, ನಡೆಯದು, ಜಡದಂತಿದೆ” ಎಂದು ಕೆಲವರು ಸಮಾಧಾನ ಹೇಳುವುದುಂಟು. ಆದರೆ ಆ ನಿಶ್ಚಲತೆಯೊಳಗೇ ಹಳೆಯ ಅಂಗಾಂಶಗಳು ಕರಗಿ, ರೆಕ್ಕೆ, ಕಣ್ಣು, ಕಾಲುಗಳು ಮೂಡುತ್ತಿರುತ್ತವೆ. ಪರ್ಯಾಯ ಬದಲಾಯಿತು, ಜೀವದ್ರವ್ಯ ಬದಲಾಗಲಿಲ್ಲ. ನಮ್ಮ ದರ್ಶನ ಹೇಳುವುದಕ್ಕೂ ವಿಜ್ಞಾನ ತೋರಿಸುವುದಕ್ಕೂ ಇಲ್ಲಿ ವಿರೋಧ ಕಾಣದು.

ಮಾಗಳದಂಥ ಊರಿನಲ್ಲಿಯೂ ಮದುವೆಯೆಂದರೆ ರೇಷ್ಮೆ ಸೀರೆಯೇ ಬೇಕು. ಪತಂಗ ಹಾರಿಹೋದ ಗೂಡುಗಳಿಂದ ನೂತ ರೇಷ್ಮೆಯೂ ಉಂಟು. ಹೊಳಪು ಕಡಿಮೆ, ಬೆಲೆ ಹೆಚ್ಚು. ಎರಡರ ಅಂತರವನ್ನು ಗಿರಾಕಿಗೆ ಬಿಡಿಸಿ ಹೇಳಿದರೆ ವ್ಯಾಪಾರ ತಪ್ಪಬಹುದು. ತಪ್ಪಿದರೂ ಹೇಳುವುದೇ ವರ್ತಕನ ಸತ್ಯಾಣುವ್ರತವೆಂದು ನನ್ನ ತಿಳಿವಳಿಕೆ. ಕೊಳ್ಳುವುದೋ ಬಿಡುವುದೋ ಅವರವರ ವಿವೇಕ, ಅರಿಯದೆ ಕೊಳ್ಳುವಂತಾಗಬಾರದು.