ಒಂದೇ ಪ್ರತಿ

ವರ್ಷಕ್ಕೊಮ್ಮೆ ನಾನು ತರಗತಿಯಲ್ಲಿ ಅತ್ತಿಮಬ್ಬೆಯ ಕಥೆ ಹೇಳುತ್ತೇನೆ. ಪೊನ್ನನ 'ಶಾಂತಿಪುರಾಣ' ಅಳಿದುಹೋಗಬಾರದೆಂದು ಆ ಮಹಾತಾಯಿ ಅದರ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು, ಅದು ಉಳಿಯಿತು. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ನಮಗೆ ದೊರೆತಿಲ್ಲ. ಹೇಳುವುದೇನೋ ಸುಲಭ, ಹೇಳಿದವನೇ ಅದನ್ನು ಆಚರಿಸಬೇಕೆಂಬ ನಿಯಮವನ್ನು ಯಾವ ವಿಶ್ವವಿದ್ಯಾನಿಲಯವೂ ಮಾಡಿಲ್ಲ.

ನಮ್ಮ ಅಜ್ಜಿ ಹಾಡುತ್ತಿದ್ದ 42 ಸಂಪ್ರದಾಯದ ಹಾಡುಗಳನ್ನು ಧ್ವನಿಮುದ್ರಿಸಿ, ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಇರಿಸಿದ್ದೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ತಂಗಿಯ ಮದುವೆ ನಿಶ್ಚಯವಾದಾಗ ಅಮ್ಮ, "ಹಸೆಗೆ ಕರೆಯುವ ಹಾಡನ್ನು ಅತ್ತೆಯವರ ದನಿಯಲ್ಲೇ ಕೇಳಿಸಪ್ಪ" ಎಂದಳು. ಡಿಸ್ಕನ್ನು ಗಣಕಯಂತ್ರಕ್ಕೆ ಜೋಡಿಸಿದೆ. ಹಾಡು ಬರಲಿಲ್ಲ, 'ಟಕ್, ಟಕ್' ಎಂಬ ಸದ್ದು ಬಂತು.

ಆಮೇಲೆ ವಿದ್ಯಾವಂತರೆಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಿತ್ತು ಮತ್ತೆ ಜೋಡಿಸಿದೆ. ಹೀಗೆ ಏಳು ಸಲ. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂದು ನನ್ನ ಭಾವಮೈದುನ ಸೂಚಿಸಿದ. "ಮೊಸರಿನ ಪಕ್ಕದಲ್ಲಿಟ್ಟರೆ ಹಾಡೂ ಹೆಪ್ಪುಗಟ್ಟೀತು" ಎಂದು ನನ್ನವಳು ಅಡ್ಡ ಬಂದಳು. ಉಳಿದಷ್ಟು ಉಳಿದದ್ದು ಅವಳಿಂದ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ತಜ್ಞರೊಬ್ಬರು, "ಸದ್ದು ಕೇಳಿದೊಡನೆ ಕರೆಂಟು ತೆಗೆದುಬಿಡಬೇಕಿತ್ತು ಮೇಷ್ಟ್ರೇ" ಎಂದು ಮರುಗಿದರು. ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಸಲ ಸುತ್ತುತ್ತವೆಯಂತೆ. ಬರೆಹವನ್ನು ಓದುವ ತಲೆಯು ತಟ್ಟೆಗೆ ತಾಕದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ ಅಂತರದಲ್ಲಿ ತೇಲುತ್ತದೆ. ತಲೆ ಕೆಟ್ಟು ತಟ್ಟೆಗೆ ತಗುಲಿದರೆ ಬರೆಹವೇ ಕೆರೆದುಹೋಗುತ್ತದೆ. ಮನೆಯಲ್ಲಿ ಡಬ್ಬಿ ಬಿಚ್ಚಿದರೆ ಧೂಳು, ಫ್ರಿಜ್ಜಿನಲ್ಲಿಟ್ಟರೆ ತೇವ, ಎರಡೂ ಮಾರಕ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ವಾಸಿಯೇ ಎಂದು ಕೇಳಿದೆ. ಬಿದ್ದರೆ ಪೆಟ್ಟು ತಡೆದೀತು, ಆದರೆ ಸಾಯುವಾಗ ಸದ್ದೂ ಮಾಡದೆ ಸಾಯಬಹುದು ಎಂದರು. ಹಾಗಾದರೆ ಆ ಏಳು ಸಲವೂ ಅಜ್ಜಿಯ ದನಿಯನ್ನು ನನ್ನ ಕೈಯಾರೆ ಕೆರೆಯುತ್ತಿದ್ದೆನೇ?

ಅವರು ಧೂಳಿಲ್ಲದ ಕೋಣೆಯಲ್ಲಿ ತಲೆಯನ್ನು ಬದಲಿಸಿ, ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನಿಂದ ಹಾಡುಗಳನ್ನು ಹೆಕ್ಕಿದರು. 31 ಹಾಡುಗಳು ಸಿಕ್ಕವು. ಹಸೆಯ ಹಾಡು ಸಿಗಲಿಲ್ಲ.

ಮದುವೆಯ ದಿನ ಅಮ್ಮನೇ ಹಾಡಿದಳು. ಮೂರನೆಯ ನುಡಿಯಲ್ಲಿ ತಡವರಿಸಿದಾಗ ಸೋದರತ್ತೆ ಎತ್ತಿಕೊಟ್ಟಳು. ನಾನು ಫೋನಿನಲ್ಲಿ ಮುದ್ರಿಸಿಕೊಂಡೆ. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಮನೆಯಲ್ಲಿರಬೇಕು ಎಂಬುದು ಬಲ್ಲವರ ನಿಯಮ. ಅಂದು ರಾತ್ರಿಯೇ ಅದನ್ನು ಪಾಲಿಸಿ, ಒಂದು ಪ್ರತಿಯನ್ನು ತಂಗಿಯ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದೆ.

ಈ ವರ್ಷ ಅತ್ತಿಮಬ್ಬೆಯ ಪಾಠ ಬಂದಾಗ ನನ್ನ ದನಿ ತುಸು ತಗ್ಗಿತ್ತು. ವಿದ್ಯಾರ್ಥಿಗಳು ನೆಗಡಿಯೆಂದುಕೊಂಡರು.